ಬೊಟ್ಟಿನಡಿಯ ದೀಪ

ತಿಪ್ಪಣ್ಣನ ಬಾಡಿಗೆ ಕಾರಿನಲ್ಲಿ ಸ್ಟೇರಿಂಗಿನ ಮುಂದೆ ಒಂದು ಪುಟ್ಟ ದೀಪವಿತ್ತು. ಹದವಾಗಿ ಓಡಿಸಿದರೆ ಹಸಿರು, ಡೀಸೆಲ್ ದಂಡವಾದರೆ ಕೆಂಪು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಪಕ್ಕದಲ್ಲಿ ತಲೆಯಾಡಿಸುವ ಗೊಂಬೆಯೊಂದು ಕೂತಿತ್ತು.

ಅಂದು ಹಿಂದಿನ ಸೀಟಿನಲ್ಲಿ ಮದುವೆ ಗಂಡು. ಮುಹೂರ್ತ ಮೀರುತ್ತದೆಂದು ತಿಪ್ಪಣ್ಣ ಬಂಕಿನಲ್ಲೂ ನಿಲ್ಲಿಸದೆ ಆಕ್ಸಿಲರೇಟರ್ ತುಳಿದೇ ತುಳಿದ. ದೀಪ ಕೆಂಪಾಯಿತು. ಅವನು ರೇಗಿ, ಹೆಂಡತಿ ಕನ್ನಡಿಗೆ ಅಂಟಿಸಿಟ್ಟಿದ್ದ ಬೊಟ್ಟನ್ನು ಕಿತ್ತು ದೀಪದ ಮೇಲೆ ಒತ್ತಿದ.

"ನನ್ನ ಹಾಗೆ ಹೂಂ ಅನ್ನುವುದನ್ನು ಕಲಿ," ಎಂದಿತು ಗೊಂಬೆ. "ನನಗೆ ದಿನವೂ ಹೂವು ಇಡುತ್ತಾನೆ."

"ಗಾಡಿ ಕುಲುಕಿದರೆ ನಿನ್ನ ತಲೆ ಕುಲುಕುತ್ತದೆ. ಅದನ್ನು ಒಪ್ಪಿಗೆ ಅಂತ ಯಾಕೆ ಹೇಳಿಕೊಳ್ಳುತ್ತೀ?" ಎಂದಿತು ದೀಪ. "ಬೊಟ್ಟಲ್ಲ, ಗೋಣಿಚೀಲವನ್ನೇ ಹೊದಿಸಲಿ. ಅವನು ಹೀಗೆ ಓಡಿಸುವ ತನಕ ನಾನು ಕೆಂಪೇ."

ಬೊಟ್ಟಿನ ಅಂಚಿನಿಂದ ಕೆಂಪು ಸೋರುತ್ತಲೇ ಇತ್ತು. ಛತ್ರ ಇನ್ನೆರಡು ಮೈಲಿ ಇರುವಾಗ ಡೀಸೆಲ್ ಮುಗಿದು ಕಾರು ಕೆಮ್ಮಿ ನಿಂತಿತು. ಗೊಂಬೆಯ ತಲೆಯೂ ನಿಂತಿತು.

ಬಾಸಿಂಗ ಕಟ್ಟಿಕೊಂಡ ಮದುವೆ ಗಂಡೇ ಇಳಿದು ಕಾರು ತಳ್ಳತೊಡಗಿದ. ಗೊಂಬೆ ಅದಕ್ಕೂ ಹೂಂ ಎಂದು ತಲೆಯಾಡಿಸಿತು.