ಮನೆ ತುಂಬ ಕುರ್ಚಿ

ಯಾರ ಮನೆಗೆ ಹೋದರೂ ಸರಿ, ಕೂರುವ ಮೊದಲು ಕುರ್ಚಿಯನ್ನು ಮಗುಚಿ ತಳ ನೋಡುವುದು ವೃಷಭೇಂದ್ರನ ರೂಢಿ. ಬೀಟೆಯೋ ತೇಗವೋ, ಮರದ ಗೂಟವೋ ಕಬ್ಬಿಣದ ಮೊಳೆಯೋ, ಅಷ್ಟು ತಿಳಿದ ಮೇಲೆಯೇ ಅವನ ಬೆನ್ನು ಒರಗುತ್ತಿದ್ದದ್ದು.

ಕಪಿಲೆಯ ದಂಡೆಯ ಆಶ್ರಮದಲ್ಲೂ ಅಷ್ಟೆ. ಗುರುಗಳು ಮಣೆ ಕೊಟ್ಟರು. ಅದನ್ನೂ ಮಗುಚಿದ.

"ಏನಂತೆ ಅದು?" ಎಂದರು ಗುರುಗಳು.

"ಹಲಸು, ಬುದ್ಧಿ. ತೀರಾ ಹಳೆಯದೇನಲ್ಲ."

"ಸದ್ಯ. ಕೂತುಕೋ."

ಕೂತವನು ಹೊಳೆಯ ಕಡೆ ತಿರುಗಿದ.

"ಸಾಕಾಗಿದೆ, ಬುದ್ಧಿ," ಎಂದ. "ಹಳೆಯ ಸಾಮಾನು ಕೂಡಿಸುವ ಹುಚ್ಚಿನಲ್ಲಿ ಅರ್ಧ ಆಯಸ್ಸು ಹೋಯಿತು. ಬೆಳಗಾದರೆ ಒರೆಸಬೇಕು. ಮಳೆಗಾಲ ಬಂದರೆ ಗೆದ್ದಲು ಕಾಯಬೇಕು. ಎಲ್ಲಿಗೆ ಹೋದರೂ ಮನಸ್ಸು ಬಾಗಿಲ ಬೀಗದ ಹತ್ತಿರವೇ. ಇನ್ನು ನನ್ನ ಕೈಲಾಗದು. ನನ್ನನ್ನು ಇಲ್ಲೇ ಇರಿಸಿಕೊಳ್ಳಿ."

"ಸಾಮಾನು?"

ವೃಷಭೇಂದ್ರ ತಲೆ ತಗ್ಗಿಸಿದ. "ಹಿಂದುಗಡೆ ಕೊಟ್ಟಿಗೆ ಖಾಲಿ ಇದೆಯಲ್ಲ... ಸ್ವಲ್ಪ ಒತ್ತಿ ಜೋಡಿಸಿದರೆ ಹಿಡಿಸುತ್ತೆ."

ಗುರುಗಳು ನಗಲಿಲ್ಲ.

"ಒಮ್ಮೆ ಬಂದು ನೋಡುತ್ತೇನೆ. ಆಮೇಲೆ ಹೇಳುತ್ತೇನೆ."

ಬಂದರು. ಬಿಸಿಲಲ್ಲಿ, ಕೋಲೂರಿಕೊಂಡು, ನಡೆದೇ ಬಂದರು. ವೃಷಭೇಂದ್ರನ ಹೆಂಡತಿ ದಾಕ್ಷಾಯಿಣಿ ಕಾಲಿಗೆ ನೀರು ಕೊಟ್ಟಳು.

"ಜೋಪಾನ, ಬುದ್ಧಿ. ಎಡಕ್ಕೆ ಹೋದರೆ ಗಾಜಿನ ದೀಪ, ಬಲಕ್ಕೆ ಹೋದರೆ ಪಿಂಗಾಣಿ ಜಾಡಿ. ನಾನಂತೂ ಈ ಮನೆಯಲ್ಲಿ ಅಡ್ಡಡ್ಡವಾಗಿಯೇ ನಡೆಯೋದು, ಏಡಿ ಥರ."

ವೃಷಭೇಂದ್ರ ಒಂದೊಂದನ್ನೇ ತೋರಿಸಿದ. ಬಣ್ಣದ ಚಿತ್ತಾರದ ತೊಟ್ಟಿಲು. ಹಿತ್ತಾಳೆಯ ಎಲೆಪೆಟ್ಟಿಗೆ. ಅಂಚು ಮಸುಕಾದ ನಿಲುಗನ್ನಡಿ. ಸೂರಿನ ತನಕ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು. ತೋರಿಸುತ್ತ ತೋರಿಸುತ್ತ ಅವನ ದನಿಗೆ ಜೀವ ಬಂತು.

ಗುರುಗಳು ಒಂದೊಂದರ ಮುಂದೆಯೂ ನಿಂತರು. ನಿಂತಲ್ಲೇ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

ನಡುಮನೆಯಲ್ಲಿ ಬೆತ್ತದ ಕುರ್ಚಿಯೊಂದಿತ್ತು. ಅದರ ಒಂದು ಕೈಯಿಂದ ಇನ್ನೊಂದು ಕೈಗೆ, ಯಾರೂ ಕೂರದ ಹಾಗೆ, ಕೆಂಪು ದಾರ ಕಟ್ಟಿತ್ತು.

"ಮನೆಗೆಲ್ಲ ಬೆಲೆಬಾಳುವುದು ಇದೇ, ಬುದ್ಧಿ," ಎಂದ ವೃಷಭೇಂದ್ರ, ಮಲಗಿದ ಕೂಸಿನ ಬಳಿ ಮಾತಾಡುವವನಂತೆ. "ಬೇರೆ ಕಡೆ ಎಲ್ಲ ಬೆತ್ತ ಹೊಸದಾಗಿ ಹೆಣೆಸಿರುತ್ತಾರೆ. ಇದು ಮೊದಲಿನದೇ. ಒಣಗಿ ಹಪ್ಪಳ ಆಗಿದೆ. ಭಾರ ಬಿದ್ದರೆ ಹರಿದೇ ಹೋಗುತ್ತೆ. ನಾನೇ ಒಂದು ದಿನವೂ ಕೂತಿಲ್ಲ."

ಗುರುಗಳು ದಾಕ್ಷಾಯಿಣಿಯ ಕಡೆ ತಿರುಗಿದರು. "ನೀನು ಎಲ್ಲಿ ಕೂರುತ್ತೀಯ, ತಾಯಿ?"

"ಅಡುಗೆಮನೆ ಹೊಸ್ತಿಲ ಮೇಲೆ. ಕೂರಬಾರದು ಅಂತಾರೆ, ಏನು ಮಾಡಲಿ? ಮನೆ ತುಂಬ ಕುರ್ಚಿ, ನಮಗೆ ಮಾತ್ರ ನೆಲ. ಸನ್ಯಾಸಕ್ಕೆ ಅಂತ ಇವರು ಆಶ್ರಮದ ತನಕ ಯಾಕೆ ಹೋಗಬೇಕೋ!"

"ಸಾಕು ಸುಮ್ಮನಿರೇ. ಬುದ್ಧಿಗೆ ಚಾಪೆ ತಾ."

"ಚಾಪೆ ಎಲ್ಲಿದೆ? ಪೆಟ್ಟಿಗೆಗಳಿಗೆ ತಂಡಿ ತಟ್ಟಬಾರದು ಅಂತ ಎಲ್ಲವನ್ನೂ ಕೆಳಗೆ ಹಾಸಿದವರು ಯಾರು?"

"ಒಂದನ್ನು ಎಳಿ."

"ಮೇಲಿರೋ ಪಿಂಗಾಣಿ ಬಿದ್ದರೆ ನನ್ನನ್ನು ಕೇಳಬಾರದು."

ವೃಷಭೇಂದ್ರ ಪೆಟ್ಟಿಗೆಗಳನ್ನು ನೋಡಿದ. ಪಿಂಗಾಣಿಯನ್ನು ನೋಡಿದ. ಬೇಡ ಎಂದು ಕೈಯಾಡಿಸಿದ.

ದಾಕ್ಷಾಯಿಣಿ ಮಜ್ಜಿಗೆ ತರಲು ಒಳಗೆ ಹೋದಳು.

ಹೊರಗಿನ ಬಿಸಿಲು ಇನ್ನೂ ಇಳಿದಿರಲಿಲ್ಲ. ಗುರುಗಳು ಎರಡೂ ಕೈಯಿಂದ ಕೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು.

"ಎಲ್ಲ ನೋಡಿದಿರಲ್ಲ, ಬುದ್ಧಿ," ಎಂದ ವೃಷಭೇಂದ್ರ. ದನಿ ಮತ್ತೆ ಸೋತಿತ್ತು. "ನನ್ನನ್ನು ಇರಿಸಿಕೊಳ್ಳುತ್ತೀರಾ?"

ಗುರುಗಳು ಬೆತ್ತದ ಕುರ್ಚಿಯ ಬೆನ್ನಿಗೆ ಒಂದು ಕೈ ಊರಿದರು.

"ಅದನ್ನು ಆಮೇಲೆ ಮಾತಾಡೋಣ, ಮಗಾ. ನನಗೆ ಸುಸ್ತಾಗಿದೆ. ನೆಲಕ್ಕೆ ಕೂತರೆ ಏಳಲಾರೆ. ಈ ದಾರ ಸ್ವಲ್ಪ ಬಿಚ್ಚುತ್ತೀಯಾ?"