ಹಾರನ್ನಿನ ಹೊಟ್ಟೆಕಿಚ್ಚು

ಹಾಲಪ್ಪನವರ ಕಾರಿನ ಹಾರನ್ನಿಗೆ, ಫೋನ್ ಮಾತಿಗೆಂದು ಕಾರಿಗೆ ಹೊಸದಾಗಿ ಬಂದ ಮೈಕನ್ನು ಕಂಡರೆ ಆಗುತ್ತಿರಲಿಲ್ಲ. ತನ್ನ ನೆತ್ತಿಗೆ ಗುದ್ದಿ ಕೆಲಸ ತೆಗೆಯುವ ಯಜಮಾನರು ಆ ಮೈಕಿಗೆ ಮಾತ್ರ, "ಸರ್ವಮಂಗಳಾಗೆ ಫೋನ್ ಮಾಡು" ಎಂದು ಬಾಯಿ ತುಂಬ ಹೇಳುತ್ತಿದ್ದರು.

"ಇಷ್ಟು ವರ್ಷ ದುಡಿದಿದ್ದೇನೆ. ನನ್ನೊಡನೆ ಒಂದು ಮಾತಾದರೂ ಆಡಿದ್ದಾರೇನೋ?" ಎಂದಿತು ಹಾರನ್ನು.

"ಅಣ್ಣಾ, ಆ ಮಾತೆಲ್ಲ ಹೆಂಡತಿಗಾಗಿ. ಅಮ್ಮನವರು ಫೋನ್ ಎತ್ತಿದ ಮೇಲೆ ನಾನು ಯಾರೋ, ಅವರು ಯಾರೋ," ಎಂದಿತು ಮೈಕು.

ಹಾರನ್ನು ನಂಬಲಿಲ್ಲ. ಮರುದಿನ ಯಜಮಾನರು ಅಪ್ಪಣೆ ಕೊಡಲು ಬಾಯಿ ತೆರೆದದ್ದೇ ತಡ, ಯಾರೂ ಮುಟ್ಟದಿದ್ದರೂ ಬೊಬ್ಬಿಟ್ಟಿತು. ಮತ್ತೆ ತೆರೆದರು, ಮತ್ತೆ ಬೊಬ್ಬಿಟ್ಟಿತು. ಮೈಕಿಗೆ ಒಂದಕ್ಷರವೂ ಕೇಳಲಿಲ್ಲ.

"ಮುಚ್ಚೋ ಬಾಯಿ, ಶನಿ!" ಎಂದು ಹಾಲಪ್ಪನವರು ಗರ್ಜಿಸಿದರು.

"ಕೇಳಿದೆಯಾ? ಇದು ಯಾವ ಹೆಂಡತಿಗೂ ಅಲ್ಲ, ನನಗೇ ಹೇಳಿದ್ದು!" ಹಾರನ್ನು ಉಬ್ಬಿಹೋಯಿತು.

ಆ ಸಂಜೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅದರ ವೈರು ಕಿತ್ತ. ಮನೆಯ ದಾರಿಯಲ್ಲಿ ಎಮ್ಮೆಯೊಂದು ಅಡ್ಡ ನಿಂತಿತು. ಯಜಮಾನರು ಅಭ್ಯಾಸಬಲದಿಂದ ಗುದ್ದಿದರು, ಸದ್ದಿಲ್ಲ. ಕೊನೆಗೆ ಗಾಜು ಇಳಿಸಿ, "ಸ್ವಲ್ಪ ಪಕ್ಕಕ್ಕೆ ಸರಿಯೇ, ನನ್ನ ತಾಯಿ" ಎಂದು ಬೇಡಿಕೊಂಡರು.

ಮೂಕ ಹಾರನ್ನಿನ ಎದೆ ಮತ್ತೆ ಉರಿಯಿತು. ತಾನು ಶನಿ, ಎಮ್ಮೆ ತಾಯಿ!