ಹೊಲಿದ ತಿದಿ

ಬೆಟ್ಟದ ಮೇಲಿನ ಆಶ್ರಮದಲ್ಲಿ ಒಂದು ಕೋಣೆಯ ನೆಲದಡಿ ಹಳೆಯ ಕುಲುಮೆಯಿತ್ತು. ಚಳಿಗಾಲದಲ್ಲಿ ದಾರಿಹೋಕರು ಅಲ್ಲಿನ ಬೆಚ್ಚನೆಯ ಕಲ್ಲುಹಾಸಿನ ಮೇಲೆ ಮಲಗುತ್ತಿದ್ದರು.

ಕುಲುಮೆಗೆ ಗಾಳಿ ಊದುವ ಚರ್ಮದ ತಿದಿಯಂತೂ ಹಣ್ಣುಹಣ್ಣು ಮುದುಕ. ಅದರ ಯೋಗಕ್ಷೇಮ ಶಿಷ್ಯ ಮಲ್ಲಿದೇವನದು. ಅವತ್ತು ಮಧ್ಯಾಹ್ನವೆಲ್ಲ ಕೂತು, ಕಣ್ಣಿಗೆ ಬಿದ್ದ ಒಂದು ಸೀಳನ್ನೂ ಬಿಡದೆ ಹೊಲಿದಿದ್ದ. ಕೆಲಸಕ್ಕೆ ನಿಂತನೆಂದರೆ ಅವನನ್ನು ಹಿಡಿಯುವವರಿರಲಿಲ್ಲ.

ಸಂಜೆ ಚಳಿಗಾಳಿ ಎದ್ದಿತು. ಗಂಗವ್ವ ಎಂಬ ಬಾಣಂತಿ ತವರಿನಿಂದ ಗಂಡನೂರಿಗೆ ಹೊರಟವಳು, ಗಂಡನ ಜೊತೆ ನಡುಗುತ್ತಾ ಬಂದಳು. ಸೆರಗಿನೊಳಗೆ ಹಸುಗೂಸು. ಅದರ ತುಟಿ ನೀಲಿಗಟ್ಟಿತ್ತು, ಅಳುತ್ತಲೂ ಇರಲಿಲ್ಲ.

ಮಲ್ಲಿದೇವ ಕೆಳಗೆ ಕುಲುಮೆಯ ಬಳಿಗೆ ಓಡಿಹೋಗಿ ತಿದಿ ಒತ್ತಿದ. ಕೆಂಡ ಕೆಂಪಾಗಲಿಲ್ಲ.

ಇದ್ದಿಲು ಬದಲಿಸಿದ. ಕೊಳವೆಗೆ ಕಡ್ಡಿ ತೂರಿಸಿ ಬೂದಿ ತೆಗೆದ. ಊಹುಂ. ತಿದಿ ಎತ್ತಿದರೆ ಕುಲುಮೆಯ ಹೊಗೆಯೇ ಒಳಗೆ ಬರುತ್ತಿತ್ತು, ಒತ್ತಿದರೆ ಅದೇ ಹೊಗೆ ವಾಪಸು ಹೋಗುತ್ತಿತ್ತು.

ಗುರು ನಿರಂಜನಯ್ಯ ತಮ್ಮ ಕಂಬಳಿಯನ್ನು ಕೂಸಿಗೆ ಹೊದಿಸಿ ಕೆಳಗಿಳಿದು ಬಂದರು.

“ತಿದಿಯ ಆಯಸ್ಸು ಮುಗೀತು ಗುರುಗಳೇ. ಇನ್ನು ನನ್ನ ಕೈಲಾಗೋದಿಲ್ಲ.”

“ಬಾಯಿಯಿಂದ ಊದು.”

ಮಲ್ಲಿದೇವ ಬಗ್ಗಿ ಊದಿದ. ಕೆಂಡ ಒಂದಿಷ್ಟು ಕೆಂಪಾಯಿತು.

“ನಿಲ್ಲಿಸಬೇಡ. ಉಸಿರು ಎಳ್ಕೋಬೇಡ. ಊದ್ತಾನೇ ಇರು.”

ಊದಿದ. ಮುಖ ಕೆಂಪೇರಿತು. ಕಣ್ಣುಗುಡ್ಡೆ ಹೊರಗೆ ಬಂದಂತಾಯಿತು. ಕೊನೆಗೆ ಗಬಕ್ಕನೆ ಉಸಿರೆಳೆದುಕೊಂಡು ಕೂತುಬಿಟ್ಟ.

“ಯಾಕೆ ನಿಲ್ಲಿಸಿದೆ?”

ಅವನಿಗೆ ಸಿಟ್ಟೇ ಬಂತು. “ಒಳಗೆ ಎಳ್ಕೊಳ್ಳದೆ ಎಲ್ಲಿಂದ ಊದಲಿ?”

ಗುರುಗಳು ತಿದಿಯನ್ನೇ ನೋಡಿದರು.

ಮಲ್ಲಿದೇವನೂ ನೋಡಿದ. ಮೆಲ್ಲಗೆ ಅದನ್ನು ಮಗುಚಿದ. ಹೊಟ್ಟೆಯ ಕೆಳಗೆ ಒಂದು ಉದ್ದನೆಯ ಸೀಳು, ಅದರ ಮೇಲೆ ಅವನದೇ ಅಚ್ಚುಕಟ್ಟಾದ ಹೊಲಿಗೆ.

“ಇದು ಹರಕು ಅಂದ್ಕೊಂಡೆ,” ಎಂದ.

“ಅದು ಅದರ ಮೂಗು.”

ಚಾಕು ತಂದು ದಾರ ಕತ್ತರಿಸಿದ. ತಿದಿ ಎತ್ತಿದ, ಹೊರಗಿನ ಗಾಳಿ ಸುಯ್ಯೆಂದು ಒಳನುಗ್ಗಿತು. ಒತ್ತಿದ, ಸೀಳು ತಾನೇ ಮುಚ್ಚಿಕೊಂಡು ಗಾಳಿಯೆಲ್ಲ ಕೊಳವೆಗೆ ಹೋಗಿ ಕೆಂಡ ಧಗ್ಗೆಂದು ಉರಿಯಿತು. ಅವನು ಒತ್ತುತ್ತಲೇ ಇದ್ದ.

ಕಲ್ಲು ಬಿಸಿಯಾಗಿ ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಸು ಕಿಟಾರನೆ ಅಳುವುದು ಕೇಳಿಸಿತು. ಅಳು ಕೇಳಿ ಅಷ್ಟು ಸಂತೋಷಪಟ್ಟವರು ಆ ಆಶ್ರಮದಲ್ಲಿ ಹಿಂದೆ ಯಾರೂ ಇರಲಿಕ್ಕಿಲ್ಲ. ಮಲ್ಲಿದೇವನ ಕಣ್ಣು ತುಂಬಿ ಬಂತು. ಗುರುಗಳ ಕಾಲಿಗೆ ಬಿದ್ದ, ಎದ್ದು ಆ ಮುದಿ ತಿದಿಗೂ ಕೈ ಮುಗಿದ.

ಅವನು ಮೇಲೆ ಬಂದಾಗ ಗಂಗವ್ವ ಗಂಟು ಬಿಚ್ಚಿ, ತವರಿನವರು ಬಾಣಂತಿಗೆಂದು ಕಟ್ಟಿಕೊಟ್ಟಿದ್ದ ಅಂಟಿನುಂಡೆ ಚಾಚಿದಳು.

“ತಗೊಳ್ಳಿ ಅಣ್ಣ. ನನ್ನ ಕೂಸನ್ನ ಉಳಿಸಿಕೊಟ್ರಿ. ಕೊಡೋಕೆ ನನ್ನ ಹತ್ರ ಇರೋದು ಇಷ್ಟೇ.”

ಮಲ್ಲಿದೇವ ಕೈ ಹಿಂದಕ್ಕೆ ಕಟ್ಟಿಕೊಂಡ. “ಬೇಡ ತಾಯಿ. ಸೇವೆ ಮಾಡೋದಷ್ಟೇ ನನ್ನ ಕೆಲಸ. ನಾನು ಯಾರಿಂದಲೂ ಏನೂ ತಗೊಳ್ಳೋನಲ್ಲ.”

ಅವಳ ಮುಖ ಸಣ್ಣದಾಯಿತು. ಚಾಚಿದ ಕೈ ಹಾಗೇ ಉಳಿಯಿತು.

ಗುರುಗಳು ಅವನು ಹಿಂದಕ್ಕೆ ಕಟ್ಟಿಕೊಂಡ ಕೈ ನೋಡಿ ಹೇಳಿದರು: “ಮಲ್ಲಿದೇವ, ಇನ್ನೊಂದು ಹೊಲಿಗೆ ಉಳಿದಿದೆ. ಅದನ್ನೂ ಬಿಚ್ಚು.”